ಬೆನ್ನುಹುರಿ ಅರಿವಳಿಕೆಯ ಔಷಧಗಳು: ಅದೇ ದಿನ ಊರಿಗೆ ಮರಳಬೇಕಾದ ರೋಗಿಯ ದೃಷ್ಟಿಯಿಂದ ಒಂದು ತೌಲನಿಕ ವಿವೇಚನೆ

ಪೀಠಿಕೆ

ಬೆಳಿಗ್ಗೆ ಆಸ್ಪತ್ರೆಗೆ ಬಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರಾತ್ರಿ ತಂಗದೆ ಅದೇ ದಿನ ಮನೆಗೆ ಮರಳುವ ಪದ್ಧತಿಗೆ ಡೇ ಕೇರ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಹರ್ನಿಯಾ, ಹೈಡ್ರೋಸೀಲ್, ಮೂಲವ್ಯಾಧಿ, ಭಗಂದರ, ಪಾದ ಮತ್ತು ಮೊಣಕಾಲಿನ ಕೆಲವು ಶಸ್ತ್ರಕ್ರಿಯೆಗಳು ಈ ಪದ್ಧತಿಗೆ ಒಗ್ಗುವಂಥವು. ಇವೆಲ್ಲ ಸೊಂಟದ ಆಸುಪಾಸಿನಲ್ಲಿ ಅಥವಾ ಅದರ ಕೆಳಗೆ ನಡೆಯುವುದರಿಂದ ರೋಗಿಯ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟು ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸಿದರೆ ಸಾಕಾಗುತ್ತದೆ. ಇದೇ ಬೆನ್ನುಹುರಿ ಅರಿವಳಿಕೆ, ಆಸ್ಪತ್ರೆಗಳ ಮಾತಿನಲ್ಲಿ ಸ್ಪೈನಲ್ ಅನಸ್ತೇಷಿಯಾ.

ಈ ಇಂಜೆಕ್ಷನ್‌ಗೆ ಬಳಸುವ ಔಷಧಗಳು ಹಲವು. ಅವು ಎಷ್ಟು ಬೇಗ ಕೆಲಸ ಮಾಡುತ್ತವೆ, ಎಷ್ಟು ಗಟ್ಟಿಯಾಗಿ ನೋವನ್ನು ತಡೆಯುತ್ತವೆ ಎಂಬುದನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಒಳಗಿನಿಂದ ಅಳೆಯುವುದು ಹಳೆಯ ಕ್ರಮ. ಡೇ ಕೇರ್ ರೋಗಿಯ ವಿಷಯದಲ್ಲಿ ಈ ಅಳತೆ ಸಾಲದು. ಅವನು ಯಾವಾಗ ಎದ್ದು ನಿಲ್ಲಬಲ್ಲ, ಯಾವಾಗ ಮೂತ್ರ ವಿಸರ್ಜಿಸಬಲ್ಲ, ಯಾವ ಹೊತ್ತಿನ ಬಸ್ಸಿಗೆ ಸುರಕ್ಷಿತವಾಗಿ ಹತ್ತಬಲ್ಲ ಎಂಬುದೂ ಔಷಧದ ಗುಣದೋಷಗಳ ಭಾಗವೇ ಆಗುತ್ತದೆ. ಜೇವರ್ಗಿಯಂಥ ತಾಲ್ಲೂಕು ಕೇಂದ್ರವನ್ನು ಮುಂದಿಟ್ಟುಕೊಂಡು ಈ ಎರಡನೆಯ ಅಳತೆಗೋಲಿನಿಂದ ಔಷಧಗಳನ್ನು ಹೋಲಿಸುವುದು ಈ ಉಪನ್ಯಾಸದ ಉದ್ದೇಶ.

ಜೇವರ್ಗಿಯ ಸಂದರ್ಭ

ಭೀಮಾ ನದಿಯ ದಕ್ಷಿಣಕ್ಕಿರುವ ಜೇವರ್ಗಿ, ಜಿಲ್ಲಾ ಕೇಂದ್ರವಾದ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಕಲಬುರಗಿ ನಗರದಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಸರ್ಕಾರಿ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಇಎಸ್‌ಐ ವೈದ್ಯಕೀಯ ಕಾಲೇಜುಗಳಿವೆ. ಆದರೆ ಆಂದೋಲ, ಇಜೇರಿ, ನೆಲೋಗಿ, ಜೇರಟಗಿಗಳ ಕಡೆಯಿಂದ ಬರುವ ಕೂಲಿಕಾರನಿಗೆ ಈ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ರಾತ್ರಿ ಉಳಿಯುವುದೆಂದರೆ ತನ್ನ ಕೂಲಿಯ ಜೊತೆಗೆ ಸಂಗಡ ಬಂದವರ ಕೂಲಿಯೂ ಹೋಯಿತೆಂದೇ ಅರ್ಥ. ತೊಗರಿ ಕಟಾವು, ಹತ್ತಿ ಬಿಡಿಸುವ ಸುಗ್ಗಿಯಲ್ಲಂತೂ ಇಂಥ ಕುಟುಂಬಗಳು ಶಸ್ತ್ರಚಿಕಿತ್ಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಹೋಗುತ್ತವೆ.

ಈ ಮುಂದೂಡಿಕೆಯ ಪರಿಣಾಮ ಹೈಡ್ರೋಸೀಲ್‌ನಲ್ಲಿ ಎದ್ದು ಕಾಣುತ್ತದೆ. ಕಲಬುರಗಿ ಜಿಲ್ಲೆ ಕರ್ನಾಟಕದ ಆನೆಕಾಲು ರೋಗಪೀಡಿತ ಜಿಲ್ಲೆಗಳಲ್ಲಿ ಒಂದು. ಕ್ಯೂಲೆಕ್ಸ್ ಸೊಳ್ಳೆ ಹರಡುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು ಈ ರೋಗಕ್ಕೆ ಕಾರಣ. ಅದು ಕೆಲವರಲ್ಲಿ ಕಾಲನ್ನು ಊದಿಸಿದರೆ ಅನೇಕ ಗಂಡಸರಲ್ಲಿ ವೃಷಣದ ಸುತ್ತ ನೀರು ತುಂಬಿಸುತ್ತದೆ, ಇದೇ ಹೈಡ್ರೋಸೀಲ್. ಊರೂರಿಗೆ ಹೋಗಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಸರ್ಕಾರಿ ಕಾರ್ಯಕ್ರಮದಿಂದ ರೋಗದ ಹರಡುವಿಕೆ ತಗ್ಗುತ್ತದೆ. ಆದರೆ ಈಗಾಗಲೇ ಬೆಳೆದುನಿಂತ ಹೈಡ್ರೋಸೀಲ್ ಮಾತ್ರೆಯಿಂದ ಕರಗುವುದಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. 2027ರ ವೇಳೆಗೆ ಆನೆಕಾಲು ರೋಗವನ್ನು ನಿರ್ಮೂಲ ಮಾಡುವ ಗುರಿಯನ್ನು ಭಾರತ ಸರ್ಕಾರ ಹಾಕಿಕೊಂಡಿದೆ. ಈಗಾಗಲೇ ರೋಗಕ್ಕೆ ತುತ್ತಾದವರ ಆರೈಕೆಯೂ ನಿರ್ಮೂಲನದ ಭಾಗವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುವುದರಿಂದ, ಹೈಡ್ರೋಸೀಲ್ ಶಸ್ತ್ರಚಿಕಿತ್ಸೆಯನ್ನು ಜನರ ಮನೆಬಾಗಿಲಿಗೆ ಸಮೀಪ ತರುವುದು ಅನಿವಾರ್ಯವಾಗುತ್ತದೆ.

ಸಣ್ಣ ಹೈಡ್ರೋಸೀಲನ್ನು ಆ ಜಾಗಕ್ಕಷ್ಟೇ ಅರಿವಳಿಕೆ ಚುಚ್ಚಿ ಮಾಡಬಹುದು. ಬಹುಕಾಲದಿಂದ ಬೆಳೆದು, ಗೋಡೆ ದಪ್ಪಗಾಗಿರುವ ಹೈಡ್ರೋಸೀಲ್‌ಗೆ ಬೆನ್ನುಹುರಿ ಅರಿವಳಿಕೆಯೇ ಹೆಚ್ಚು ಅನುಕೂಲ. ಆದ್ದರಿಂದ ಔಷಧದ ಆಯ್ಕೆಯ ಪ್ರಶ್ನೆ ಇಲ್ಲಿ ಪಠ್ಯಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಔಷಧ ಕೆಲಸ ಮಾಡುವ ಬಗೆ

ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಹಾಗೂ ಎರಡನೆಯ ಮಣಿಗಳ ಮಟ್ಟದಲ್ಲಿ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಬೇರುಗಳ ಗೊಂಚಲು ಮತ್ತು ಅವನ್ನು ಸುತ್ತುವರಿದ ತಿಳಿದ್ರವ ಮಾತ್ರ. ಮೂರನೆಯ ಮತ್ತು ನಾಲ್ಕನೆಯ, ಇಲ್ಲವೇ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನಿಂದ ಕೂದಲೆಳೆಯಂಥ ಸೂಜಿಯನ್ನು ತೂರಿಸಿ, ಆ ದ್ರವ ಹನಿಯಾಗಿ ಹೊರಬಂದುದನ್ನು ಖಚಿತಪಡಿಸಿಕೊಂಡು, ಕೆಲವೇ ಮಿಲಿಲೀಟರ್ ಔಷಧವನ್ನು ಒಳಬಿಡಲಾಗುತ್ತದೆ. ನರತಂತುಗಳೊಳಗೆ ಸೋಡಿಯಂ ಅಯಾನುಗಳು ನುಗ್ಗುವ ದಾರಿಯನ್ನು ಔಷಧ ಮುಚ್ಚುವುದರಿಂದ ನೋವಿನ ಸಂದೇಶ ಮೇಲಕ್ಕೆ ಹೋಗುವುದಿಲ್ಲ, ಚಲನೆಯ ಸಂದೇಶ ಕೆಳಕ್ಕೆ ಇಳಿಯುವುದಿಲ್ಲ.

ಮರಗಟ್ಟುವಿಕೆ ಎಷ್ಟು ಎತ್ತರಕ್ಕೆ ಏರಬೇಕೆಂಬುದು ಶಸ್ತ್ರಕ್ರಿಯೆಯನ್ನು ಅವಲಂಬಿಸಿದೆ. ವೃಷಣಚೀಲದ ಚರ್ಮಕ್ಕೆ ಸೊಂಟ ಮತ್ತು ಅದರ ಕೆಳಗಿನ ತ್ರಿಕಭಾಗದ ನರಗಳು ಬಂದರೂ ವೃಷಣದ ನರಗಳು ಎದೆಯ ಹತ್ತನೆಯ ನರಖಂಡದಿಂದ ಹೊರಡುತ್ತವೆ. ಚರ್ಮವನ್ನು ಕೊಯ್ದಾಗ ಸುಮ್ಮನಿದ್ದ ರೋಗಿ ವೃಷಣವನ್ನು ಎಳೆದೊಡನೆ ಹೊಟ್ಟೆಯಲ್ಲಿ ಹಿಂಡಿದಂತಾಗಿ ಚಡಪಡಿಸುವುದು ಇದೇ ಕಾರಣಕ್ಕೆ. ಹೈಡ್ರೋಸೀಲ್‌ಗೆ ಅರಿವಳಿಕೆ ಹೊಕ್ಕುಳದ ಮಟ್ಟಕ್ಕೆ ಏರಲೇಬೇಕು. ಮೂಲವ್ಯಾಧಿಗೆ ಅಷ್ಟು ಎತ್ತರ ಬೇಡ, ಕುಳಿತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟಿದರೆ ಸಾಕು.

ಔಷಧ ಹರಡುವ ದಿಕ್ಕನ್ನು ಅದರ ಸಾಂದ್ರತೆ ನಿರ್ಧರಿಸುತ್ತದೆ. ಒಂದು ಮಿಲಿಲೀಟರಿಗೆ 80 ಮಿಲಿಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ ಬೆರೆಸಿದ ಬುಪಿವಕೇನ್ ನರಬೇರುಗಳ ಸುತ್ತಲಿನ ತಿಳಿದ್ರವಕ್ಕಿಂತ ಭಾರವಾಗಿರುವುದರಿಂದ ಅದಕ್ಕೆ ಹೆವಿ ಎಂಬ ಹೆಸರು ಬಂದಿದೆ. ರೋಗಿಯನ್ನು ಸ್ವಲ್ಪ ಹೊತ್ತು ಕೂರಿಸಿದರೆ ಅದು ಕೆಳಕ್ಕೆ ಇಳಿದು ಗುದದ ಸುತ್ತಲ ನರಗಳನ್ನು ಹಿಡಿಯುತ್ತದೆ. ಶಸ್ತ್ರಕ್ರಿಯೆಯ ಕಾಲು ಕೆಳಗಾಗುವಂತೆ ಹತ್ತು ಹದಿನೈದು ನಿಮಿಷ ಮಗ್ಗುಲಾಗಿ ಮಲಗಿಸಿದರೆ ಬಹುಪಾಲು ಆ ಒಂದೇ ಬದಿಗೆ ನಿಲ್ಲುತ್ತದೆ. ಅರಿವಳಿಕೆ ತಜ್ಞರ ಕೌಶಲ ಔಷಧದಷ್ಟೇ ಮುಖ್ಯವೆಂಬುದಕ್ಕೆ ಇದೇ ಸಾಕ್ಷಿ. ಜೊತೆಗೆ, ಬೆನ್ನಿನ ಕೆಳಭಾಗದಲ್ಲಿ ಈ ದ್ರವದ ಪ್ರಮಾಣ ಒಬ್ಬರಲ್ಲಿ 28 ಮಿಲಿಲೀಟರ್ ಇದ್ದರೆ ಇನ್ನೊಬ್ಬರಲ್ಲಿ 81 ಮಿಲಿಲೀಟರ್‌ವರೆಗೂ ಇರುವುದು ಅಧ್ಯಯನದಲ್ಲಿ ಕಂಡುಬಂದಿದೆ. ಒಂದೇ ಪ್ರಮಾಣದ ಔಷಧ ಇಬ್ಬರಲ್ಲಿ ಎರಡು ಎತ್ತರಕ್ಕೆ ಏರುವುದಕ್ಕೆ ಇದೊಂದು ಮುಖ್ಯ ಕಾರಣ.

ಕೊಕೇನ್‌ನಿಂದ ಬುಪಿವಕೇನ್‌ವರೆಗೆ

1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ರೋಗಿಯೊಬ್ಬನ ಕಾಲಿನ ಶಸ್ತ್ರಕ್ರಿಯೆಗಾಗಿ ಬೆನ್ನಿನೊಳಗೆ ಕೊಕೇನ್ ಕೊಟ್ಟದ್ದು ಬೆನ್ನುಹುರಿ ಅರಿವಳಿಕೆಯ ಆರಂಭವೆಂದು ಪರಿಗಣಿತವಾಗಿದೆ. ಕೆಲವೇ ದಿನಗಳಲ್ಲಿ ಬಿಯರ್ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಎದ್ದು ಕುಳಿತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವನ್ನು ಬಿಯರ್ ಸ್ವತಃ ಅನುಭವಿಸಿದರು. ದ್ರವ ಸೋರಿಕೆಯಿಂದ ಬರುವ ಈ ತಲೆನೋವು ಇಂದಿಗೂ ಈ ವಿಧಾನದ ಪರಿಚಿತ ತೊಂದರೆಗಳಲ್ಲೊಂದು. ಕೊಕೇನ್ ವಿಷಕಾರಿಯೂ ಚಟ ಹಿಡಿಸುವಂಥದೂ ಆದ್ದರಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರೋಕೇನ್, 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಸಂಶ್ಲೇಷಿಸಿದ ಲಿಗ್ನೋಕೇನ್, 1957ರಲ್ಲಿ ಬುಪಿವಕೇನ್ ಒಂದಾದ ಮೇಲೊಂದು ಬಂದವು.

ಔಷಧಗಳ ಹೋಲಿಕೆ

ಬುಪಿವಕೇನ್ ಇಂದು ಭಾರತದ ತಾಲ್ಲೂಕು ಆಸ್ಪತ್ರೆಯಿಂದ ವೈದ್ಯಕೀಯ ಕಾಲೇಜಿನವರೆಗೆ ಎಲ್ಲೆಡೆ ಬಳಕೆಯಲ್ಲಿರುವ, ನಂಬಿಕೆಗೆ ಅರ್ಹವಾದ ಔಷಧ. ಅದು ಕೊಬ್ಬಿನಂಶದಲ್ಲಿ ಸುಲಭವಾಗಿ ಕರಗಿ, ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ನರಗಳನ್ನು ಬೇಗ ಬಿಡುವುದಿಲ್ಲ. ಸಿಸೇರಿಯನ್ ಹೆರಿಗೆಗೂ ತೊಡೆಮೂಳೆಯ ಶಸ್ತ್ರಕ್ರಿಯೆಗೂ ಇದು ವರವಾದರೆ, ಅರ್ಧ ಗಂಟೆಯ ಹೈಡ್ರೋಸೀಲ್‌ಗೆ ಇದೇ ಗುಣ ಹೊರೆಯಾಗುತ್ತದೆ. ಮೂತ್ರಕೋಶವನ್ನು ಸಂಕುಚಿಸುವ ಸ್ನಾಯುವಿನ ಶಕ್ತಿ ಮರಳಬೇಕಾದರೆ ಅರಿವಳಿಕೆ ತ್ರಿಕಭಾಗದ ಮೂರನೆಯ ನರಖಂಡದವರೆಗೆ ಇಳಿದಿರಬೇಕು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ಮಿಲಿಗ್ರಾಂ ಬುಪಿವಕೇನ್ ಪಡೆದವರಲ್ಲಿ ಈ ಶಕ್ತಿ ಮರಳಲು ಸರಾಸರಿ 460 ನಿಮಿಷ ಹಿಡಿದರೆ, ಲಿಗ್ನೋಕೇನ್ ಪಡೆದವರಲ್ಲಿ 235 ನಿಮಿಷ ಸಾಕಾಗಿತ್ತು. ರೋಗಿಯ ಕಾಲು ಆಡುತ್ತಿದ್ದರೂ ಮೂತ್ರ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಉಬ್ಬುವುದು, ಕೊನೆಗೆ ಕ್ಯಾಥೆಟರ್ ಹಾಕಬೇಕಾಗುವುದು ಇದರಿಂದಲೇ.

ಪ್ರಮಾಣವನ್ನು ಇಳಿಸುವುದು ಈ ತೊಡಕಿಗೆ ಒಂದು ಪರಿಹಾರ. ರೂಢಿಯ 12ರಿಂದ 15 ಮಿಲಿಗ್ರಾಂಗೆ ಬದಲು 5ರಿಂದ 7.5 ಮಿಲಿಗ್ರಾಂ ಬುಪಿವಕೇನ್ ಕೊಟ್ಟು, ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬೇಕಾದರೆ 10ರಿಂದ 25 ಮೈಕ್ರೋಗ್ರಾಂ ಫೆಂಟನಿಲ್ ಸೇರಿಸಿದರೆ ಚೇತರಿಕೆ ಬೇಗನಾಗುತ್ತದೆ. ಫೆಂಟನಿಲ್ ನೋವುತಡೆಯನ್ನು ಹೆಚ್ಚಿಸಿದರೂ ಕಾಲಿನ ಬಲ ಮರಳುವುದನ್ನು ಅಷ್ಟಾಗಿ ತಡಮಾಡುವುದಿಲ್ಲ. ಮೈ ತುರಿಕೆ ಅದರ ಸಾಮಾನ್ಯ ಅಡ್ಡಪರಿಣಾಮ. ಆದರೆ ಪ್ರಮಾಣ ಇಳಿದಷ್ಟೂ ಅರಿವಳಿಕೆ ಸಾಲದೆ ಹೋಗುವ ಸಂಭವ ಏರುತ್ತದೆಂಬುದನ್ನು ಮರೆಯುವಂತಿಲ್ಲ.

ಲಿಗ್ನೋಕೇನ್ ಒಂದು ಕಾಲದಲ್ಲಿ ಅಲ್ಪಾವಧಿ ಶಸ್ತ್ರಕ್ರಿಯೆಗಳ ಮೆಚ್ಚಿನ ಔಷಧವಾಗಿತ್ತು. 1991ರಲ್ಲಿ, ಬೆನ್ನಿನೊಳಗೆ ಅತಿ ಸಣ್ಣ ಕೊಳವೆ ಇಟ್ಟು ಶೇಕಡಾ 5ರ ಲಿಗ್ನೋಕೇನನ್ನು ಮತ್ತೆ ಮತ್ತೆ ಕೊಟ್ಟ ಕೆಲವರಲ್ಲಿ ನರಗೊಂಚಲಿಗೆ ಶಾಶ್ವತ ಹಾನಿಯಾದುದು ವರದಿಯಾಯಿತು. 1993ರಲ್ಲಿ, ಒಂದೇ ಬಾರಿ ಇಂಜೆಕ್ಷನ್ ಪಡೆದವರಲ್ಲೂ ಪೃಷ್ಠದಿಂದ ತೊಡೆಗಳಿಗೆ ಇಳಿಯುವ ನೋವು ಕಾಣಿಸಿಕೊಂಡುದು ಬೆಳಕಿಗೆ ಬಂತು. ತಾತ್ಕಾಲಿಕ ನರಲಕ್ಷಣಗಳೆಂದು ಕರೆಯಲಾಗುವ ಈ ತೊಂದರೆ ಅರಿವಳಿಕೆ ಇಳಿದ ಮೇಲೆ ಒಂದು ದಿನದೊಳಗೆ ಶುರುವಾಗಿ ಕೆಲವು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ, ಶಾಶ್ವತ ಹಾನಿ ಮಾಡುವುದಿಲ್ಲ. ಆದರೂ ಲಿಗ್ನೋಕೇನ್ ಪಡೆದ ಏಳು ಮಂದಿಯಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆಂದು ಅಧ್ಯಯನಗಳ ಒಟ್ಟಾರೆ ವಿಶ್ಲೇಷಣೆ ತೋರಿಸಿದೆ. ಬುಪಿವಕೇನ್‌ನಲ್ಲಿ ಅದು ವಿರಳ. ನಡಕ್ಕೆ ಸೂಜಿ ಚುಚ್ಚಿಸಿಕೊಂಡರೆ ಜೀವನಪರ್ಯಂತ ನಡ ನೋಯುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಬೇರೂರಿರುವಾಗ, ಮನೆಗೆ ಹೋದ ಮರುದಿನವೇ ನೋವು ತರಬಲ್ಲ ಔಷಧವನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವುದು ಸೂಕ್ತವಲ್ಲ.

ಕ್ಲೋರೋಪ್ರೋಕೇನ್ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. 1950ರ ದಶಕದ ಆರಂಭದಲ್ಲೇ ಬಳಕೆಗೆ ಬಂದಿದ್ದ ಈ ಔಷಧ, ಬೆನ್ನುಹುರಿಯ ಪೊರೆಯ ಹೊರಗೆ ಕೊಡಬೇಕಾದ ದೊಡ್ಡ ಪ್ರಮಾಣ ಅಕಸ್ಮಾತ್ತಾಗಿ ಒಳಗೆ ಹೋದ ಪ್ರಕರಣಗಳಲ್ಲಿ ನರಹಾನಿ ಮಾಡಿದ್ದರಿಂದ 1980ರ ದಶಕದಲ್ಲಿ ಕಳಂಕ ಹೊತ್ತಿತು. ಆಗಿನ ದ್ರಾವಣದ ಆಮ್ಲೀಯತೆ ಮತ್ತು ಅದರಲ್ಲಿ ಸಂರಕ್ಷಕವಾಗಿ ಸೇರಿಸಿದ್ದ ಬೈಸಲ್ಫೈಟ್ ಮೇಲೆ ಸಂಶಯ ಬಂದ ನಂತರ ಸಂರಕ್ಷಕವಿಲ್ಲದ ದ್ರಾವಣ ತಯಾರಾಯಿತು. 2000ದ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಆರೋಗ್ಯವಂತ ಸ್ವಯಂಸೇವಕರ ಮೇಲೆ ಹಂತಹಂತವಾಗಿ ಪರೀಕ್ಷಿಸಲಾಯಿತು. 2005ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ 40 ಮಿಲಿಗ್ರಾಂ ಕ್ಲೋರೋಪ್ರೋಕೇನ್ ಪಡೆದವರು ಸರಾಸರಿ 113 ನಿಮಿಷಗಳಲ್ಲಿ ಮನೆಗೆ ಹೋಗುವ ಸ್ಥಿತಿಗೆ ಬಂದರೆ, 7.5 ಮಿಲಿಗ್ರಾಂ ಬುಪಿವಕೇನ್ ಪಡೆದವರಿಗೆ 191 ನಿಮಿಷ ಬೇಕಾಯಿತು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆನ್ನುಹುರಿ ಅರಿವಳಿಕೆಗೆಂದೇ ಶೇಕಡಾ 1ರ ಕ್ಲೋರೋಪ್ರೋಕೇನ್‌ಗೆ ಅನುಮತಿ ನೀಡಿತು. ಈಚಿನ ವರ್ಷಗಳಲ್ಲಿ ಅದು ಭಾರತದ ಮಾರುಕಟ್ಟೆಯಲ್ಲೂ ದೊರೆಯುತ್ತಿದೆ. ರಕ್ತಕ್ಕೆ ಸೇರಿದೊಡನೆ ಅಲ್ಲಿನ ಕಿಣ್ವವೊಂದು ಅದನ್ನು ಕ್ಷಣಗಳಲ್ಲಿ ಒಡೆದುಹಾಕುವುದು ಅದರ ಇನ್ನೊಂದು ಸದ್ಗುಣ. 40ರಿಂದ 50 ಮಿಲಿಗ್ರಾಂ ಪ್ರಮಾಣ ಸುಮಾರು 40 ನಿಮಿಷಗಳೊಳಗಿನ ಶಸ್ತ್ರಕ್ರಿಯೆಗೆ ತಕ್ಕುದು.

ಯುರೋಪಿನಲ್ಲಿ ಡೇ ಕೇರ್‌ಗೆ ಬಳಸುವ ಹೆವಿ ಪ್ರಿಲೋಕೇನ್ ಅವಧಿಯ ದೃಷ್ಟಿಯಿಂದ ಕ್ಲೋರೋಪ್ರೋಕೇನ್ ಮತ್ತು ಬುಪಿವಕೇನ್‌ಗಳ ನಡುವೆ ನಿಲ್ಲುತ್ತದೆ. ರೋಪಿವಕೇನ್ ಮತ್ತು ಲೆವೋಬುಪಿವಕೇನ್‌ಗಳು ಇಲ್ಲಿನ ಪ್ರಶ್ನೆಗೆ ಬುಪಿವಕೇನ್‌ಗಿಂತ ಹೇಳಿಕೊಳ್ಳುವಷ್ಟು ಲಾಭ ಒದಗಿಸುವುದಿಲ್ಲ.

ಒಂದು ದಿನದ ಲೆಕ್ಕ

ಈ ಅಂಕಿಗಳನ್ನು ಗಡಿಯಾರದ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬೆಳಿಗ್ಗೆ 10 ಗಂಟೆಗೆ 10 ಮಿಲಿಗ್ರಾಂ ಬುಪಿವಕೇನ್ ಪಡೆದ ರೋಗಿಯ ಹೈಡ್ರೋಸೀಲ್ ಶಸ್ತ್ರಕ್ರಿಯೆ 10.45ಕ್ಕೆ ಮುಗಿದರೂ ಮೂತ್ರಕೋಶ ಪೂರ್ತಿ ಸುಸ್ಥಿತಿಗೆ ಬರುವಾಗ ಸಂಜೆ ಐದೂವರೆ ದಾಟಬಹುದು. ನಂತರ ಬಸ್ಸು ಹಿಡಿದು, ಇಳಿದ ಊರಿನಿಂದ ತಾಂಡಾಕ್ಕೋ ತೋಟದ ಮನೆಗೋ ಕತ್ತಲಲ್ಲಿ ನಡೆಯಬೇಕಾದುದರಿಂದ ವೈದ್ಯರು ಅವನನ್ನು ವಾರ್ಡಿನಲ್ಲೇ ಉಳಿಸಿಕೊಳ್ಳುವುದು ಸಹಜ. ಅದೇ 10 ಗಂಟೆಗೆ ಕ್ಲೋರೋಪ್ರೋಕೇನ್ ಪಡೆದವನು ಮಧ್ಯಾಹ್ನ 12ರ ಆಚೀಚೆ ಎದ್ದು ನಿಂತು, ಊಟ ಮಾಡಿ, ಮೂತ್ರ ವಿಸರ್ಜಿಸಿ, ಒಂದೆರಡು ಗಂಟೆ ವೈದ್ಯರ ಕಣ್ಣಳತೆಯಲ್ಲಿದ್ದು, ಬಿಸಿಲು ಇಳಿಯುವ ಹೊತ್ತಿಗೆ ಹಗಲಿರುವಾಗಲೇ ಮನೆ ಸೇರಬಹುದು. ಔಷಧದ ಆಯ್ಕೆಯಿಂದ ಉಳಿಯುವ ಈ ಕೆಲವು ಗಂಟೆಗಳು ನಗರದ ರೋಗಿಗೆ ಅನುಕೂಲದ ವಿಷಯವಾದರೆ, ಹಳ್ಳಿಯ ರೋಗಿಗೆ ಅದೇ ದಿನ ಮನೆ ಸೇರುವುದೋ ಬಿಡುವುದೋ ಎಂಬುದನ್ನೇ ತೀರ್ಮಾನಿಸುತ್ತವೆ.

ಆಕ್ಷೇಪಗಳ ಪರಿಶೀಲನೆ

ಅಲ್ಪಾವಧಿ ಔಷಧದ ಬಗ್ಗೆ ಗಂಭೀರವಾದ ಆಕ್ಷೇಪವೊಂದಿದೆ. ಶಸ್ತ್ರಕ್ರಿಯೆ ಎಣಿಸಿದ್ದಕ್ಕಿಂತ ಲಂಬಿಸಿ, ಹೊಲಿಗೆ ಹಾಕುವ ಮುನ್ನವೇ ನೋವು ಮರಳಿದರೆ ರೋಗಿಯನ್ನು ಪೂರ್ಣ ಅರಿವಳಿಕೆಗೆ ಒಳಪಡಿಸಬೇಕಾಗುತ್ತದೆ. ಅದಕ್ಕೆ ಅರಿವಳಿಕೆ ಯಂತ್ರ, ಆಕ್ಸಿಜನ್, ಶ್ವಾಸನಾಳದ ಕೊಳವೆಗಳು ಹಾಗೂ ನುರಿತ ತಜ್ಞರು ಸ್ಥಳದಲ್ಲೇ ಇರಬೇಕು. ತಾಲ್ಲೂಕು ಮಟ್ಟದಲ್ಲಿ ಇವೆಲ್ಲ ಸದಾ ಸಿದ್ಧವಿರುತ್ತವೆಂದು ಭರವಸೆಯಿಡಲಾಗದು. ವೈದ್ಯರು ದೀರ್ಘಾವಧಿಯ ಬುಪಿವಕೇನನ್ನು ನೆಚ್ಚಿಕೊಂಡಿರುವುದರ ಹಿಂದೆ ಈ ವಿವೇಕವಿದೆ, ಅದನ್ನು ಹಳೆಯ ರೂಢಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಹಳ ದೊಡ್ಡ ಹೈಡ್ರೋಸೀಲ್, ಹಿಂದೆ ಒಮ್ಮೆ ಶಸ್ತ್ರಕ್ರಿಯೆಯಾಗಿ ಮತ್ತೆ ಬಂದದ್ದು, ಎರಡೂ ಬದಿಯ ಹರ್ನಿಯಾ ಇಂಥವುಗಳಿಗೆ ಬುಪಿವಕೇನನ್ನೇ ಕೊಟ್ಟು ಒಂದು ರಾತ್ರಿ ಉಳಿಸಿಕೊಳ್ಳುವುದೇ ಸರಿ. ಒಂದು ಬದಿಯ ಸಾಧಾರಣ ಹೈಡ್ರೋಸೀಲ್, ಮೂಲವ್ಯಾಧಿ, ಪಾದದ ಸಣ್ಣ ಶಸ್ತ್ರಕ್ರಿಯೆಗಳಿಗೆ, ಶಸ್ತ್ರವೈದ್ಯರು ತಮ್ಮ ಕೈಗೆ ಹಿಡಿಯುವ ಸಮಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಲ್ಲಿ, ಕ್ಲೋರೋಪ್ರೋಕೇನ್ ಮೇಲು.

ಬೇಗ ಇಳಿಯುವ ಅರಿವಳಿಕೆಯ ಹಿಂದೆಯೇ ಗಾಯದ ನೋವು ಬೇಗ ಮರಳುತ್ತದೆಂಬುದು ಎರಡನೆಯ ಆಕ್ಷೇಪ. ಹೊಲಿಗೆ ಹಾಕುವ ಮುನ್ನ ಗಾಯದ ಅಂಚಿಗೆ ಬುಪಿವಕೇನ್ ಚುಚ್ಚುವುದು, ಅರಿವಳಿಕೆ ಪೂರ್ತಿ ಇಳಿಯುವ ಮೊದಲೇ ಪ್ಯಾರಾಸಿಟಮಾಲ್ ಹಾಗೂ ಮೂತ್ರಪಿಂಡದ ತೊಂದರೆ, ಜಠರದ ಹುಣ್ಣು ಇಲ್ಲದವರಿಗೆ ಡೈಕ್ಲೋಫೆನಾಕ್ ಕೊಡುವುದು ಇದಕ್ಕೆ ಪರಿಹಾರ. ಹೀಗೆ ಮಾಡಿದಾಗ ಬುಪಿವಕೇನ್‌ನ ದೀರ್ಘಾವಧಿಯ ಗುಣ, ಕಾಲನ್ನೂ ಮೂತ್ರಕೋಶವನ್ನೂ ಕಟ್ಟಿಹಾಕದೆ, ನೋವಿರುವ ಜಾಗದಲ್ಲೇ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಸುರಕ್ಷತೆಯ ಪ್ರಶ್ನೆ. ಹೊಸದೊಂದು ಆಂಪೂಲ್ ಕಪಾಟಿಗೆ ಬಂದರೆ ಅದಲುಬದಲಾಗುವ ಅಪಾಯವೂ ಬರುತ್ತದೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಆಂಪೂಲನ್ನು ಬುಪಿವಕೇನ್ ಎಂದು ಭ್ರಮಿಸಿ ಬೆನ್ನಿಗೆ ಕೊಟ್ಟದ್ದರಿಂದ ಸಾವುಗಳು ಸಂಭವಿಸಿದ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತು. ಬೆನ್ನಿಗೆ ಕೊಡುವ ಔಷಧಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡುವುದು, ಸಿರಿಂಜಿಗೆ ತುಂಬುವ ಮುನ್ನ ಇಬ್ಬರು ಹೆಸರನ್ನು ಗಟ್ಟಿಯಾಗಿ ಓದುವುದು, ಸಂರಕ್ಷಕ ಸೇರಿಸಿದ ದ್ರಾವಣವನ್ನು ಯಾವ ಕಾರಣಕ್ಕೂ ಬೆನ್ನಿಗೆ ಕೊಡದಿರುವುದು ಖರ್ಚಿಲ್ಲದ, ಆದರೆ ಜೀವ ಉಳಿಸುವ ನಿಯಮಗಳು.

ಮನೆಗೆ ಕಳುಹಿಸುವ ಮುನ್ನ

ಯಾವ ಔಷಧ ಕೊಟ್ಟರೂ ರೋಗಿಯನ್ನು ಕಳುಹಿಸುವ ಮಾನದಂಡ ಸಡಿಲವಾಗಬಾರದು. ರಕ್ತದೊತ್ತಡ ಸ್ಥಿರವಾಗಿರಬೇಕು, ಗುದದ ಸುತ್ತ ಸ್ಪರ್ಶ ತಿಳಿಯಬೇಕು, ಪಾದವನ್ನು ಬಲವಾಗಿ ಕೆಳಕ್ಕೆ ಒತ್ತಲು ಬರಬೇಕು, ತಲೆ ಸುತ್ತದೆ ನಡೆಯಬೇಕು. ಮೂತ್ರ ಕಟ್ಟಿಕೊಳ್ಳುವ ಅಪಾಯ ಕಡಿಮೆಯಿರುವ ರೋಗಿಗಳನ್ನು ಮೂತ್ರ ವಿಸರ್ಜನೆಗೆ ಕಾಯದೆ ಕಳುಹಿಸಬಹುದೆಂದು ಪಾಶ್ಚಾತ್ಯ ಮಾರ್ಗಸೂಚಿಗಳು ಒಪ್ಪುತ್ತವೆ. ರಾತ್ರಿ ಹೊತ್ತು ತೊಂದರೆಯಾದರೆ ಆಸ್ಪತ್ರೆಗೆ ಮರಳುವ ದಾರಿ ಸುಲಭವಿರುವ ಊರುಗಳಿಗೆ ಆ ಸಡಿಲಿಕೆ ಸರಿ. ಜೇವರ್ಗಿ, ಯಡ್ರಾಮಿ, ಅಫಜಲಪುರಗಳ ಒಳಹಳ್ಳಿಯ ರೋಗಿಗೆ, ವಿಶೇಷವಾಗಿ ಹರ್ನಿಯಾ ಮತ್ತು ಗುದಭಾಗದ ಶಸ್ತ್ರಕ್ರಿಯೆಯಾದವರಿಗೆ ಹಾಗೂ ವಯಸ್ಸಾದವರಿಗೆ, ಅದನ್ನು ಅನ್ವಯಿಸಬಾರದು.

ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ರೋಗಿಯನ್ನು ಹಿಂದಿನ ರಾತ್ರಿಯಿಂದ ನೀರೂ ಕುಡಿಸದೆ ಕೂರಿಸುವುದು ತಪ್ಪು. ತಿಳಿನೀರನ್ನು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ಕೊಡಬಹುದೆಂಬುದು ಇಂದು ಒಪ್ಪಿತವಾದ ನಿಯಮ. ಒಣಗಿದ ದೇಹದಲ್ಲಿ ಬೆನ್ನಿನ ಅರಿವಳಿಕೆ ರಕ್ತದೊತ್ತಡವನ್ನು ಇನ್ನಷ್ಟು ಕುಸಿಯುವಂತೆ ಮಾಡುತ್ತದೆ. ತಲೆನೋವಿನ ಸಂಭವ ತಗ್ಗಿಸಲು, ಪೊರೆಯನ್ನು ಕೊಯ್ಯುವ ಹಳೆಯ ಕ್ವಿಂಕೆ ಸೂಜಿಗೆ ಬದಲು ಪೆನ್ಸಿಲ್ ತುದಿಯ 25 ಅಥವಾ 27 ಗೇಜಿನ ಸೂಜಿ ಬಳಸಬೇಕು. ಎದ್ದರೆ ಹೆಚ್ಚಾಗುವ ತಲೆನೋವು, ಕಟ್ಟಿದ ಮೂತ್ರ, ಮರಳಿ ಬಂದ ಮರಗಟ್ಟುವಿಕೆ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಯನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲಿ ಬರೆದುಕೊಟ್ಟು, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿರಬೇಕು.

ಉಪಸಂಹಾರ

ಎಲ್ಲ ರೋಗಿಗಳಿಗೂ ಎಲ್ಲ ಶಸ್ತ್ರಕ್ರಿಯೆಗಳಿಗೂ ಹೊಂದುವ ಒಂದೇ ಔಷಧವಿಲ್ಲ. 40 ನಿಮಿಷದೊಳಗಿನ ಕೆಲಸಕ್ಕೆ ಸಂರಕ್ಷಕರಹಿತ ಕ್ಲೋರೋಪ್ರೋಕೇನ್. ಅದಕ್ಕಿಂತ ತುಸು ಹೆಚ್ಚು ಹೊತ್ತು ಬೇಕಾದಲ್ಲಿ ಕಡಿಮೆ ಪ್ರಮಾಣದ, ಒಂದೇ ಬದಿಗೆ ನಿಲ್ಲಿಸಿದ ಬುಪಿವಕೇನ್. ಅವಧಿಯೇ ಅನಿಶ್ಚಿತವಾದಲ್ಲಿ ರೂಢಿಯ ಪ್ರಮಾಣದ ಬುಪಿವಕೇನ್ ಮತ್ತು ಒಂದು ರಾತ್ರಿಯ ಹಾಸಿಗೆ. ಲಿಗ್ನೋಕೇನ್ ಬೇರೆ ದಾರಿಯಿಲ್ಲದಾಗ ಮಾತ್ರ. ಕ್ಲೋರೋಪ್ರೋಕೇನ್ ಕೈಗೆ ಸಿಗದ ಕಡೆಯೂ ಎರಡನೆಯ ದಾರಿ ತೆರೆದೇ ಇದೆ. ಅದಕ್ಕೆ ಹೊಸ ಖರೀದಿ ಬೇಕಾಗಿಲ್ಲ, ಈಗಿರುವ ಆಂಪೂಲಿನಿಂದಲೇ ಅಳೆದು ಕೊಡುವ ಶಿಸ್ತು ಬೇಕು.

ಕಲ್ಯಾಣ ಕರ್ನಾಟಕದ ಆರೋಗ್ಯ ವ್ಯವಸ್ಥೆಯ ಚರ್ಚೆ ಸಾಮಾನ್ಯವಾಗಿ ಕಟ್ಟಡ, ಹಾಸಿಗೆ, ಹುದ್ದೆಗಳ ಸುತ್ತ ನಡೆಯುತ್ತದೆ, ಅವೆಲ್ಲ ಬೇಕಾದವೇ. ಅವುಗಳ ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ನಿಗದಿತ ಡೇ ಕೇರ್ ದಿನ, ಆ ದಿನಕ್ಕೆ ಖಚಿತವಾಗಿ ಹಾಜರಿರುವ ಅರಿವಳಿಕೆ ತಜ್ಞರು, ಔಷಧ ದಾಸ್ತಾನಿನಲ್ಲಿ ಅಲ್ಪಾವಧಿಯ ಬೆನ್ನುಹುರಿ ಅರಿವಳಿಕೆ ಔಷಧ ಮತ್ತು ಪೆನ್ಸಿಲ್ ತುದಿಯ ಸೂಜಿ ಇವಿಷ್ಟನ್ನು ಆರೋಗ್ಯ ಇಲಾಖೆ ಒದಗಿಸಬೇಕು. ಕಲಬುರಗಿಯ ವೈದ್ಯಕೀಯ ಕಾಲೇಜುಗಳು ತಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಕೌಶಲವನ್ನು ತಾಲ್ಲೂಕು ಆಸ್ಪತ್ರೆಯ ನೆಲೆಯಲ್ಲೇ ಕಲಿಸಬೇಕು. ಹೈಡ್ರೋಸೀಲ್‌ನ ಭಾರ ಹೊತ್ತು, ಸಂಕೋಚದಿಂದ ಯಾರಿಗೂ ಹೇಳದೆ, ಹೊಲದ ಕೆಲಸ ಬಿಡಲಾರದೆ ವರ್ಷಗಳನ್ನು ದೂಡುತ್ತಿರುವ ರೈತ ಮತ್ತು ಕೂಲಿಕಾರರನ್ನು ಆಸ್ಪತ್ರೆಗೆ ಬರುವಂತೆ ಒಲಿಸಲು, ಬೆಳಿಗ್ಗೆ ಬಂದರೆ ಸಂಜೆಯೊಳಗೆ ಮನೆಗೆ ಹೋಗಬಹುದು ಎಂಬ ಮಾತಿಗಿಂತ ದೊಡ್ಡ ಭರವಸೆ ಬೇರೊಂದಿಲ್ಲ. ಆ ಮಾತನ್ನು ಉಳಿಸಿಕೊಳ್ಳಬಲ್ಲ ಔಷಧ ಇಂದು ಲಭ್ಯವಿದೆ; ಅದನ್ನು ಜೇವರ್ಗಿಯವರೆಗೆ ತಲುಪಿಸುವುದು ಸರ್ಕಾರದ, ವೈದ್ಯಸಮುದಾಯದ ಹೊಣೆ, ತಲುಪಿಸಿರೆಂದು ಕೇಳುವುದು ನಾಗರಿಕರ ಹಕ್ಕು.